ಬೆಟ್ಟದವರಿಗೆ ಕಡಲ ಮರಳು: ಫ್ಯಾಟ್ ಬೈಕ್‌ನಲ್ಲಿ ಒಂದು ದೀರ್ಘ, ನಿಶ್ಶಬ್ದ ಸವಾರಿ ಮಾಡುವುದು ಹೇಗೆ

ಕೊಡಗಿನಲ್ಲಿ ಸೈಕಲ್ ತುಳಿಯುವಾಗ ಕಣ್ಣಿಗೆ ಬಿಡುವಿಲ್ಲ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಎದುರಿಗೆ ಜೀಪು, ಪಕ್ಕದಲ್ಲಿ ಚರಂಡಿ, ಬೆಳಗಿನ ಹೊತ್ತು ಆನೆ ಭಯ. ಏರಿನಲ್ಲಿ ಉಸಿರಿನ ಚಿಂತೆ, ಇಳಿಜಾರಿನಲ್ಲಿ ಬ್ರೇಕಿನ ಚಿಂತೆ. ನನಗೆ ಈ ರಸ್ತೆಗಳೆಂದರೆ ಪ್ರಾಣ. ಆದರೆ ಎಷ್ಟೋ ವರ್ಷ ಇಲ್ಲಿ ತುಳಿದ ಮೇಲೂ, ಸೀಟಿನ ಮೇಲೆ ಕೂತು ಮನಸ್ಸು ಸುಮ್ಮನಾದ ದಿನ ನೆನಪಿಗೆ ಬರುವುದಿಲ್ಲ.

ಅದು ಮೊದಲ ಸಲ ಆಗಿದ್ದು ಮುಳಪ್ಪಿಲಂಗಾಡ್ ಬೀಚಿನಲ್ಲಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ ಹೋದರೆ ನೂರು ಕಿಲೋಮೀಟರ್ ಒಳಗೇ. ಕಣ್ಣೂರು ಮತ್ತು ತಲಶ್ಶೇರಿ ನಡುವೆ ಸುಮಾರು 4 ಕಿ.ಮೀ. ಉದ್ದದ ಗಟ್ಟಿ ಮರಳು. ಕಾರುಗಳೇ ಓಡಾಡುವಷ್ಟು ಗಟ್ಟಿ. ಅಲ್ಲಿ ಬೆಳಗಿನ ಆರೂವರೆಗೆ ತುಳಿಯಲು ಶುರು ಮಾಡಿದೆ. ತಿರುವಿಲ್ಲ, ಏರಿಲ್ಲ, ಹಾರ್ನ್ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದೆ: ಹ್ಯಾಂಡಲ್ ಹಿಡಿದ ಕೈ ಸಡಿಲವಾಗಿತ್ತು. ಯಾವಾಗ ಸಡಿಲವಾಯಿತು ಅಂತಲೇ ಗೊತ್ತಾಗಿರಲಿಲ್ಲ.

ಆದರೆ ಅದರ ಹಿಂದಿನ ಪ್ರಯತ್ನ ಪೂರ್ತಿ ಕೆಟ್ಟಿತ್ತು. ಎರಡರ ನಡುವೆ ವ್ಯತ್ಯಾಸ ತಯಾರಿಯದ್ದು ಮಾತ್ರ. ಟೈರಿನ ಗಾಳಿ, ಕಡಲು ಇಳಿಯುವ ಗಂಟೆ, ನೀರು, ಬುತ್ತಿ, ಎಲ್ಲಿ ತಿರುಗಬೇಕು ಎನ್ನುವುದು, ಎಲ್ಲವನ್ನೂ ಮೊದಲೇ ತೀರ್ಮಾನ ಮಾಡಿಟ್ಟರೆ ಮರಳಿನ ಮೇಲೆ ತೀರ್ಮಾನ ಮಾಡಲು ಏನೂ ಉಳಿಯುವುದಿಲ್ಲ. ಮನಸ್ಸು ಖಾಲಿಯಾಗುವುದು ಆಗ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಂತ 1: ಸೈಕಲ್

ಫ್ಯಾಟ್ ಬೈಕ್ ಅಂದರೆ ಟೈರು ಸುಮಾರು 4 ಇಂಚು ಅಥವಾ ಅದಕ್ಕಿಂತ ಅಗಲ ಇರುವ ಸೈಕಲ್. ಇದರ ಬೇರು ಎರಡು ಕಡೆ ಇದೆ. ಅಲಾಸ್ಕದ ಹಿಮದಲ್ಲಿ ಓಡಿಸಲು ಅಗಲ ರಿಮ್ ಮಾಡಿದವರು ಒಂದು ಕಡೆ, ಅಮೆರಿಕದ ನೈರುತ್ಯ ಭಾಗದ ಮರಳುಗಾಡಿಗಾಗಿ ದಪ್ಪ ಟೈರು ಮಾಡಿದವರು ಇನ್ನೊಂದು ಕಡೆ. 2005ರಲ್ಲಿ ಸರ್ಲಿ ಕಂಪನಿ ಪಗ್ಸ್‌ಲಿ ಎಂಬ ಸೈಕಲ್ ತಂದ ಮೇಲೆ ಇದು ಎಲ್ಲರ ಕೈಗೆ ಸಿಗುವ ಹಾಗಾಯಿತು.

ದುಬಾರಿಯದ್ದೇ ಬೇಕು ಅಂತಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ 26 ಇಂಚು ಚಕ್ರ, 4 ಇಂಚು ಟೈರಿನ ಭಾರದ ಸೈಕಲ್ ಸಾಕು. ಮರಳು ಸಮತಟ್ಟಾಗಿರುವುದರಿಂದ ತೂಕ ಅಷ್ಟು ಕಾಡುವುದಿಲ್ಲ. ನೋಡಬೇಕಾದ್ದು ಮೂರು. ಹಗುರ ಗೇರ್ ಇರಲಿ. ಸೀಟಿನ ಎತ್ತರ ನಿಮಗೆ ಸರಿ ಹೊಂದಲಿ. ಹ್ಯಾಂಡಲ್ ತುಂಬಾ ಕೆಳಗಿರುವುದು ಬೇಡ. ಎರಡು ಮೂರು ಗಂಟೆ ಒಂದೇ ಭಂಗಿಯಲ್ಲಿ ಕೂರುತ್ತೀರಿ, ಏರು ಬಂದಾಗ ಎದ್ದು ನಿಲ್ಲುವ ಅವಕಾಶ ಅಲ್ಲಿಲ್ಲ. ಬೆಟ್ಟದಲ್ಲಿ ಗೊತ್ತಾಗದ ಬೆನ್ನು ನೋವು ಅಲ್ಲಿ ಗೊತ್ತಾಗುತ್ತದೆ.

ಸೈಕಲ್ ಬಿಟ್ಟರೆ ಅತಿ ಮುಖ್ಯ ವಸ್ತು ಕಡಿಮೆ ಒತ್ತಡ ಅಳೆಯುವ ಗೇಜ್. ಮಾಮೂಲಿ ಪಂಪಿನ ಮೀಟರ್ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತನಕ ತೋರಿಸುತ್ತದೆ. ಹತ್ತಕ್ಕಿಂತ ಕೆಳಗೆ ಅದನ್ನು ನಂಬುವ ಹಾಗಿಲ್ಲ. ನಮಗೆ ಬೇಕಾದ್ದು 5 ಮತ್ತು 7ರ ನಡುವಿನ ವ್ಯತ್ಯಾಸ. 0ಯಿಂದ 15 ಅಥವಾ 30 ತನಕ ಅಳೆಯುವ ಸಣ್ಣ ಗೇಜ್ ತೆಗೆದುಕೊಳ್ಳಿ.

ಹಂತ 2: ಮೊದಲು ನಮ್ಮ ಗದ್ದೆಯಲ್ಲಿ

ಸೀದಾ ಕಡಲಿಗೆ ಓಡಬೇಡಿ. ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ ಗದ್ದೆಗಳು ಖಾಲಿ ಬೀಳುತ್ತವೆ ಅಲ್ವಾ, ಅಲ್ಲಿ ಶುರು ಮಾಡಿ. ಒಣಗಿದ ಕೂಳೆಯ ಮೇಲೆ, ಟೈರಿಗೆ 8 ಪಿಎಸ್‌ಐ ಗಾಳಿ ಇಟ್ಟು, ನಿಲ್ಲಿಸದೆ ಅರ್ಧ ಗಂಟೆ ಸುತ್ತು ಹಾಕಿ. ನೆಲ ಎಳೆಯುತ್ತದೆ, ಕಾಲು ಸುಡುತ್ತದೆ. ಮರಳು ಎಳೆಯುವುದೂ ಸುಮಾರು ಹೀಗೇ. ಒಂದು ಗಂಟೆ ಸಲೀಸಾಗಿ ತುಳಿಯಲು ಬಂದರೆ ಬೀಚಿನಲ್ಲಿ ಎರಡು ಮೂರು ಗಂಟೆ ಕಷ್ಟವಲ್ಲ.

ತೋಟದ ದಾರಿಗಳಲ್ಲೂ ಅಭ್ಯಾಸ ಮಾಡಬಹುದು. ಆದರೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಡಿ, ಸಂಜೆ ಬೇಗ ಮನೆ ಸೇರಿ. ಫ್ಯಾಟ್ ಬೈಕ್ ಸದ್ದು ಮಾಡುವುದಿಲ್ಲ. ಆನೆಗೆ ನೀವು ಬರುವುದು ಗೊತ್ತಾಗುವುದಿಲ್ಲ, ನಿಮಗೂ ಅದು ನಿಂತಿರುವುದು ಗೊತ್ತಾಗುವುದಿಲ್ಲ. ತೋಟದ ಕೆಲಸದವರನ್ನು ಕೇಳಿಯೇ ಒಳಗೆ ಹೋಗಿ. ರಾತ್ರಿ ಯಾವ ಕಡೆ ಬಂದಿತ್ತು, ಎಲ್ಲಿ ಬೇಲಿ ಮುರಿದಿದೆ, ಎಲ್ಲ ಅವರಿಗೆ ಗೊತ್ತಿರುತ್ತದೆ.

ಹಂತ 3: ದಿನ ಮತ್ತು ಗಂಟೆ ಗೊತ್ತು ಮಾಡುವುದು

ನನ್ನ ಮೊದಲ ಪ್ರಯತ್ನ ಕೆಟ್ಟಿದ್ದು ಇಲ್ಲಿ. ಭಾನುವಾರ ಬಿಡುವಿದೆ ಅಂತ ಹೊರಟೆ. ಕಡಲಿನ ಗಂಟೆ ನೋಡಲಿಲ್ಲ. ನಾನು ಇಳಿದಾಗ ಗಟ್ಟಿ ಮರಳಿನ ಪಟ್ಟಿ ಒಂದು ಲಾರಿಯಷ್ಟು ಅಗಲ ಉಳಿದಿತ್ತು. ಮುಕ್ಕಾಲು ಗಂಟೆಯಲ್ಲಿ ಅದೂ ಇಲ್ಲ. ಅಲೆ ಒಂದು ಕಡೆ, ಸಕ್ಕರೆಯಂಥ ಒಣ ಮರಳು ಇನ್ನೊಂದು ಕಡೆ. ಎರಡೂವರೆ ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಬಂದೆ. ಚೈನಿಗೆ ಉಪ್ಪುನೀರು ಬಡಿಯಿತು, ಕಾಲಿನ ಮೀನಖಂಡ ಹಿಡಿದುಕೊಂಡಿತು. ನಮಗೆ ಮಳೆ ಗೊತ್ತು, ಹೊಳೆ ಗೊತ್ತು. ಕಡಲು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ ಎನ್ನುವುದು ಶಾಲೆಯಲ್ಲಿ ಓದಿದ್ದು, ಅಷ್ಟೇ. ಕಾಲಿಗೆ ಗೊತ್ತಿರಲಿಲ್ಲ.

ಲೆಕ್ಕ ಸುಲಭ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನಡುವೆ, ಆರು ಗಂಟೆ ಚಿಲ್ಲರೆಗೆ, ಇಳಿತ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇಳಿತ ಇದ್ದರೆ ನಾಳೆ 6.50ರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಗಟ್ಟಿ ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ, ಪಟ್ಟಿಯೂ ಕಿರಿದು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರೆ ಅರ್ಧ ಕೆಲಸ ಮುಗಿಯಿತು. ಕರಾರುವಾಕ್ಕಾದ ಗಂಟೆಗೆ ಕಣ್ಣೂರಿನ ಉಬ್ಬರ-ಇಳಿತದ ಪಟ್ಟಿ ಫೋನಿನಲ್ಲಿ ನೋಡಿ.

ಇಳಿತಕ್ಕೆ ಎರಡು ಗಂಟೆ ಮೊದಲು ಶುರು, ಎರಡು ಗಂಟೆ ನಂತರ ಮುಗಿಸು. ಇದು ನನ್ನ ನಿಯಮ. ನಾಲ್ಕು ಗಂಟೆ ಸಿಗುತ್ತದೆ, ಯಾವ ಆತುರವೂ ಇಲ್ಲ. ಬೆಳಿಗ್ಗೆ ಎಂಟರ ಸುಮಾರಿಗೆ ಇಳಿತ ಬರುವ ದಿನ ಆರಿಸಿದರೆ ಇನ್ನೂ ಒಳ್ಳೆಯದು. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ತೆಂಗಿನ ಮರಗಳ ಹಿಂದೆ. ಮೊದಲ ಒಂದು ಗಂಟೆ ಮರಳಿನ ಮೇಲೆ ನೆರಳಿರುತ್ತದೆ, ಬಿಸಿಲು ಬರೀ ದೂರದ ನೀರಿನ ಮೇಲೆ. ಗಾಳಿಯೂ ಮೆತ್ತಗೆ ನೆಲದ ಕಡೆಯಿಂದ ಬೀಸುತ್ತದೆ. ಹೊತ್ತು ಏರಿದ ಹಾಗೆ ಕಡಲ ಗಾಳಿ ಎದ್ದು, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಅನಿವಾರ್ಯವಾಗಿ ಸಂಜೆ ತುಳಿಯಬೇಕಾದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿ ಬೆನ್ನಿಗಿರಲಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯೂ ಆಗಲೇ, ಏನು ಮಾಡುವುದು, ಒಂದು ದಿನ ಬಿಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ಬೇಡವೇ ಬೇಡ. ಮಳೆ ಇಲ್ಲದ ದಿನವೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಎಚ್ಚರಿಕೆ ನೋಡಿ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ದೂರ ಸಾಗರದಲ್ಲಿ ಎದ್ದ ಅಲೆ ಬಂದು ದಡಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಸುಳಿವು ಕೊಡದೆ ಬರುವ ಕಡಲು. ಆ ಎಚ್ಚರಿಕೆ ಇದ್ದ ದಿನ ಮನೆಯಲ್ಲಿರಿ.

ಹಂತ 4: ಸಾಗಿಸುವುದು ಮತ್ತು ಚೀಲ

ಕಾರಿನ ಹಿಂದೆ ಹಾಕುವ ಮಾಮೂಲಿ ಸ್ಟ್ಯಾಂಡಿನಲ್ಲಿ 4 ಇಂಚಿನ ಟೈರು ಕೂರುವುದಿಲ್ಲ. ತೋಟದ ಪಿಕಪ್ ಇದ್ದರೆ ಅದೇ ವಾಸಿ. ಕೆಳಗೆ ಖಾಲಿ ಗೋಣಿಚೀಲ ಹಾಸಿ, ಚೈನ್ ಇಲ್ಲದ ಬದಿ ಕೆಳಗೆ ಮಾಡಿ ಮಲಗಿಸಿ, ಹಗ್ಗದಿಂದ ಬಿಗಿಯಿರಿ. ಮಾಕುಟ್ಟ ಘಟ್ಟದ ತಿರುವುಗಳಲ್ಲಿ ಸೈಕಲ್ ಜಾರಿ ಗೇರ್ ಬಾಗುವ ಸಾಧ್ಯತೆ ಇದೆ. ನಡುರಾತ್ರಿ ಎದ್ದು ಆ ಕಾಡು ದಾರಿಯಲ್ಲಿ ಹೋಗುವುದಕ್ಕಿಂತ, ಹಿಂದಿನ ದಿನ ಹಗಲಲ್ಲೇ ಇಳಿದು ಕಣ್ಣೂರಲ್ಲೋ ತಲಶ್ಶೇರಿಯಲ್ಲೋ ಉಳಿಯುವುದು ಒಳ್ಳೆಯದು. ನಿದ್ದೆಗೆಟ್ಟ ಮನಸ್ಸು ಮರಳಿನ ಮೇಲೆ ಸುಮ್ಮನಾಗುವುದಿಲ್ಲ, ತೂಕಡಿಸುತ್ತದೆ.

ಚೀಲದಲ್ಲಿ ಎರಡು ಲೀಟರ್ ನೀರು, ಒಂದು ಟ್ಯೂಬ್, ಪ್ಯಾಚ್, ಗಾಳಿ ಪಂಪು, ಗೇಜ್. ಟೋಪಿ, ತಂಪು ಕನ್ನಡಕ. ಬುತ್ತಿಗೆ ನಾನು ಒಯ್ಯುವುದು ಅಕ್ಕಿ ರೊಟ್ಟಿ, ಮಧ್ಯೆ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಸವರಿ ಸುತ್ತಿದ್ದು. ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ಮರಳು ಮೆತ್ತುವುದಿಲ್ಲ. ಕಿತ್ತಳೆ ಸಿಗುವ ಕಾಲವಾದರೆ ಎರಡು ಕಿತ್ತಳೆ. ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಗಂಟು ಹಾಕಿ. ನೀರಿನಿಂದ ಉಳಿಯುತ್ತದೆ, ಗಂಟು ಬಿಚ್ಚಲು ಬೇಜಾರಾಗಿ ನೀವೂ ಅದರಿಂದ ಉಳಿಯುತ್ತೀರಿ.

ಹಂತ 5: ಘಟ್ಟ ಇಳಿದ ಮೇಲೆ ಗಾಳಿ ಮತ್ತೆ ಅಳೆಯಿರಿ

ಇದು ಕರಾವಳಿಯವರಿಗೆ ಬೇಡದ, ಘಟ್ಟ ಇಳಿದು ಬರುವ ನಮ್ಮಂಥವರಿಗೆ ಬೇಕಾದ ಹಂತ. ವಿರಾಜಪೇಟೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟು ಕೆಳಗಿಳಿದರೆ ಹೊರಗಿನ ವಾತಾವರಣದ ಒತ್ತಡ ಹೆಚ್ಚುತ್ತದೆ. ಗೇಜ್ ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹಾಗಾಗಿ ಮನೆಯಲ್ಲಿ 7 ತೋರಿಸಿದ್ದು ಬೀಚಿನಲ್ಲಿ ಆರೋ, ಅದಕ್ಕಿಂತ ಕೆಳಗೋ ತೋರಿಸುತ್ತದೆ. ಸೋರಿಕೆ ಅಂತ ಗಾಬರಿಯಾಗಬೇಡಿ. ರಸ್ತೆ ಸೈಕಲ್ಲಿನ 80 ಪಿಎಸ್‌ಐನಲ್ಲಿ ಒಂದು ಹೆಚ್ಚು ಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ. ಏಳರಲ್ಲಿ ಒಂದು ಹೋದರೆ ಸೈಕಲ್ಲೇ ಬೇರೆ ಆಗುತ್ತದೆ. ಮನೆಯಿಂದ 12 ಇಟ್ಟುಕೊಂಡು ಹೋಗಿ, ಅಲ್ಲಿ ಇಳಿಸಿ. ಮರಳಿನ ಮೇಲೆ ಪಂಪು ಹೊಡೆಯುವುದಕ್ಕಿಂತ ಗಾಳಿ ಬಿಡುವುದು ಸುಲಭ.

ಎಷ್ಟು ಇಡಬೇಕು? 60 ಕೆಜಿ ತೂಕದವರು ಹಿಂದೆ 7, ಮುಂದೆ 6ರಿಂದ ಶುರು ಮಾಡಿ. 80 ಕೆಜಿ ಇದ್ದರೆ ಹಿಂದೆ 9, ಮುಂದೆ 7. ಒದ್ದೆ ಗಟ್ಟಿ ಮರಳಿಗೆ ಇದು ಸಾಕು. ಒಣ ಮರಳಿಗೆ ಇನ್ನೂ ಒಂದೆರಡು ಇಳಿಸಬೇಕು. ಆಮೇಲೆ ಗೇಜ್ ಒಳಗಿಟ್ಟು ಕಣ್ಣಿಂದ ನೋಡಿ. ನೀವು ಕೂತಾಗ ಹಿಂದಿನ ಟೈರಿನ ಪಕ್ಕದಲ್ಲಿ ಸಣ್ಣ ಸುಕ್ಕು ಕಾಣಬೇಕು. ರಿಮ್ ನೆಲಕ್ಕೆ ತಾಗುವ ಹಾಗಿರಬಾರದು. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತುಂಬಾ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆ ನಿಧಾನಕ್ಕೆ ಸರಿದು ವಾಲ್ವನ್ನೇ ಕೀಳುತ್ತದೆ. ಟೈರು ಮತ್ತು ರಿಮ್ ಸೇರುವಲ್ಲಿ ಸೀಮೆಸುಣ್ಣದಿಂದ ಒಂದೇ ಗೆರೆ ಎಳೆಯಿರಿ. ಪ್ರತಿ ಸುತ್ತಿಗೆ ನೋಡಿ. ಗೆರೆ ಎರಡಾಗಿ ಒಡೆದಿದ್ದರೆ ಸ್ವಲ್ಪ ಗಾಳಿ ತುಂಬಿ.

ಹಂತ 6: ಮರಳು ಓದುವುದು

ಕಡಲಿಗೆ ಮುಖ ಮಾಡಿ ನಿಂತರೆ ನಿಮ್ಮ ಕಾಲ ಬಳಿ ಒಣ ಮರಳು. ಅದರ ಮುಂದೆ ಉಬ್ಬರ ಬಿಟ್ಟುಹೋದ ಕಸದ ಗೆರೆ: ಚಿಪ್ಪು, ತೆಂಗಿನ ನಾರು, ಬಲೆಯ ತುಂಡು. ಅದರಾಚೆ ಕಪ್ಪಾಗಿ, ಆದರೆ ಹೊಳಪಿಲ್ಲದೆ ಕಾಣುವ ಪಟ್ಟಿ. ಕೊನೆಗೆ ಕನ್ನಡಿಯ ಹಾಗೆ ಹೊಳೆಯುವ ಮರಳು, ಆಮೇಲೆ ಅಲೆ. ನಿಮ್ಮ ದಾರಿ ಆ ಮೂರನೆಯದು. ಮರಳಿನ ಕಣಗಳ ನಡುವೆ ಸ್ವಲ್ಪವೇ ನೀರಿದ್ದಾಗ ಆ ನೀರೇ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ನೀರಿಲ್ಲದಿದ್ದರೆ ಹಿಡಿತ ಇಲ್ಲ. ನೀರು ಪೂರ್ತಿ ತುಂಬಿದರೂ ಹಿಡಿತ ಇಲ್ಲ. ಹೊಳಪು ಕಂಡರೆ ತುಂಬಿದೆ ಅಂತ ಅರ್ಥ.

ಚಪ್ಪಲಿ ಬಿಟ್ಟು ಒಂದು ಪರೀಕ್ಷೆ ಮಾಡಿ. ಒದ್ದೆ ಮರಳಿನ ಮೇಲೆ ಒಂದು ಕಾಲು ಊರಿ ಭಾರ ಬಿಡಿ. ಪಾದದ ಸುತ್ತ ಮರಳು ತಟ್ಟನೆ ಬಿಳಿಚಿಕೊಂಡು ಒಣಗಿದ ಹಾಗೆ ಕಾಣುತ್ತದೆ. ಕಾಲೆತ್ತಿದರೆ ಮತ್ತೆ ಒದ್ದೆ. ಒತ್ತೊತ್ತಾಗಿ ಕೂತ ಕಣಗಳು ನಿಮ್ಮ ಭಾರಕ್ಕೆ ಅಲುಗಿ ನಡುವೆ ಜಾಗ ಬಿಡುತ್ತವೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲೇ ಇದನ್ನು ವಿವರಿಸಿದ್ದರು. ನಿಮಗೆ ಬೇಕಾದ್ದು ಇಷ್ಟು: ಬಿಳಿಚಿಕೊಂಡರೆ ಮರಳು ಬಿಗಿಯಾಗಿ ಕೂತಿದೆ. ಕಾಲು ಸುಮ್ಮನೆ ಹೂತು ಹೋದರೆ ಅಲ್ಲಿ ತುಳಿಯಬೇಡಿ.

ಆ ಪಟ್ಟಿಯಲ್ಲೇ ಕಡಲೆಕಾಳಿಗಿಂತ ಸಣ್ಣ ಮರಳಿನ ಉಂಡೆಗಳು ರಂಗೋಲಿಯ ಹಾಗೆ ಹರಡಿರುವುದು ಕಾಣುತ್ತದೆ. ಬಗ್ಗಿ ನೋಡಿ. ನಡುವೆ ಒಂದು ತೂತು. ಬೆರಳುಗುರಿನಷ್ಟು ಏಡಿ ಹೊರಗೆ ಬಂದು, ಮರಳು ಬಾಯಿಗಿಟ್ಟು, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದೆ ಎಸೆಯುತ್ತದೆ. ಉಬ್ಬರ ಬಂದಾಗ ಎಲ್ಲ ಅಳಿಸುತ್ತದೆ, ಇಳಿತಕ್ಕೆ ಮತ್ತೆ ಶುರು. ಉಂಡೆಗಳು ದಟ್ಟವಾಗಿರುವ ಕಡೆ ಎರಡು ಮಾರು ಪಕ್ಕಕ್ಕೆ ಸರಿದು ತುಳಿಯಿರಿ. ಅವು ಕೆಲಸ ಮಾಡುತ್ತಿವೆ.

ಹಂತ 7: ತುಳಿತ

ಗಟ್ಟಿ ನೆಲದಲ್ಲಿ ಶುರು ಮಾಡಿ, ಹಗುರ ಗೇರಿನಲ್ಲಿ, ಒಂದೇ ಲಯದಲ್ಲಿ. ಮೈಭಾರ ಸ್ವಲ್ಪ ಹಿಂದಕ್ಕಿರಲಿ, ಮುಂದಿನ ಚಕ್ರ ತೇಲಲಿ. ಮೆತ್ತಗಿನ ಜಾಗ ಬಂದರೆ ಹ್ಯಾಂಡಲ್ ಬಿಗಿ ಹಿಡಿದು ತಿದ್ದಲು ಹೋಗಬೇಡಿ. ಚಕ್ರ ತುಸು ಅಲೆದಾಡಲಿ, ಕಾಲು ನಿಲ್ಲದಿರಲಿ, ಅದೇ ದಾಟುತ್ತದೆ. ತಿರುಗುವಾಗ ದೊಡ್ಡ ಸುತ್ತು ಹಾಕಿ. ನೀರೊಳಗೆ ಇಳಿಯಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬಂದರೂ. ಸಣ್ಣ ತೋಡು ಅಡ್ಡ ಬಂದರೆ ಇಳಿದು ಸೈಕಲ್ ಎತ್ತಿ ದಾಟಿಸಿ.

ಮುಳಪ್ಪಿಲಂಗಾಡಿನಲ್ಲಿ ಕಾರು ಜೀಪು ಓಡಾಡುತ್ತವೆ, ಅದಕ್ಕೇ ಬೇಗ ಹೋಗಿ ಬೇಗ ಮುಗಿಸಬೇಕು. ಒಳಗೆ ಹೋಗುವ ನಿಯಮವನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ನೀಳವಾಗಿ ಒಂದೇ ದಿಕ್ಕಿಗೆ ಹೋಗಬೇಕು ಅನ್ನುವವರು ಮಡಿಕೇರಿಯಿಂದ ಸಂಪಾಜೆ ಇಳಿದು ಉಡುಪಿ ಕಡೆಗೆ ಹೋಗಬಹುದು. ಕಾಪು, ಮಟ್ಟು, ಪಡುಕೆರೆ ಕಡೆ ಉದ್ದದ ತೀರವಿದೆ. ಆದರೆ ಕಡಲ್ಕೊರೆತಕ್ಕೆ ಹಾಕಿದ ಬಂಡೆಗಳು ಅಲ್ಲಲ್ಲಿ ಸಿಗುತ್ತವೆ.

ನನಗೆ ಆ 4 ಕಿಲೋಮೀಟರೇ ಇಷ್ಟ. ಹೋಗಿ ಬಂದರೆ 8. ಐದು ಸಲ ಹೋಗಿ ಬಂದರೆ 40. ಬೇಜಾರಾಗಲ್ವಾ ಅಂತ ಕೇಳುತ್ತಾರೆ. ಗದ್ದೆ ಉಳುವವರು ಆ ಬದುವಿನಿಂದ ಈ ಬದುವಿಗೆ ದಿನವಿಡೀ ಹೋಗಿ ಬರುತ್ತಿದ್ದರು. ನನ್ನಜ್ಜ ಉಳುವಾಗ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದರು, ಸಿಟ್ಟಿನಿಂದಲ್ಲ, ಸಮಾಧಾನದಿಂದ. ಅದು ಏನು ಅಂತ ನನಗೆ ಅರ್ಥವಾಗಿದ್ದು ಮರಳಿನ ಮೇಲೆ.

ಹಂತ 8: ಮನಸ್ಸನ್ನು ಬಿಡುವುದು

ಮೊದಲ ಸುತ್ತಿನಲ್ಲಿ ಏನನ್ನೂ ನಿರೀಕ್ಷೆ ಮಾಡಬೇಡಿ. ತಲೆಯೊಳಗೆ ಮನೆಯ ಲೆಕ್ಕ, ಬ್ಯಾಂಕಿನ ಕಂತು, ನಿನ್ನೆ ಯಾರೋ ಅಂದ ಮಾತು ಎಲ್ಲ ಓಡುತ್ತಿರುತ್ತದೆ. ಓಡಲಿ. ಹಾಡು ಹಾಕಿಕೊಳ್ಳಬೇಡಿ. ಕಿವಿ ತೆರೆದಿರುವುದು ಇಲ್ಲಿ ಬಹಳ ಮುಖ್ಯ.

ಎರಡನೆಯ ಸುತ್ತಿನಲ್ಲಿ ಉಸಿರು ಮತ್ತು ಪೆಡಲು ಜೋಡಿಸಿ. ಬಲಗಾಲು ಮೂರು ಸಲ ಕೆಳಗೆ ಹೋಗುವಷ್ಟು ಹೊತ್ತು ಉಸಿರು ಒಳಗೆ, ನಾಲ್ಕು ಸಲ ಹೋಗುವಷ್ಟು ಹೊತ್ತು ಹೊರಗೆ. ಮೂಗಿನಲ್ಲೇ ಆಡಲಿ. ಬಾಯಿ ತೆರೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ, ಇಳಿಸಿ. ಎಣಿಕೆ ತಪ್ಪಿದರೆ ಒಂದರಿಂದ ಶುರು. ಬೈದುಕೊಳ್ಳುವುದು ಬೇಡ.

ಮೂರನೆಯ ಸುತ್ತಿಗೆ ಎಣಿಕೆ ಬಿಟ್ಟು ಸದ್ದಿಗೆ ಕಿವಿ ಕೊಡಿ. ಗಟ್ಟಿ ಮರಳಿನಲ್ಲಿ ದಪ್ಪ ಟೈರು ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸದ್ದು ಮಾಡುತ್ತದೆ. ಮೆತ್ತಗಾದರೆ ಆ ಸದ್ದು ತಗ್ಗುತ್ತದೆ. ಚಿಪ್ಪಿನ ಪುಡಿ ಬಂದರೆ ಹುರಿದ ಅಕ್ಕಿ ಅಗಿದ ಹಾಗೆ. ಎಡಕ್ಕೋ ಬಲಕ್ಕೋ ಅಲೆ. ಸ್ವಲ್ಪ ಹೊತ್ತಿಗೆ ಕಣ್ಣಿಗಿಂತ ಮೊದಲು ಕಿವಿಯೇ ದಾರಿ ಹೇಳಲು ಶುರು ಮಾಡುತ್ತದೆ. ಕಣ್ಣು ದೂರಕ್ಕೆ ಹೋಗುತ್ತದೆ, ದಕ್ಷಿಣದ ತುದಿಯಲ್ಲಿ ಧರ್ಮಡಂ ದ್ವೀಪದ ಹಸಿರಿನ ಮೇಲೆ ನಿಲ್ಲುತ್ತದೆ. ಬೆಟ್ಟದಲ್ಲಿ ಬೆಳೆದ ನಮಗೆ ಇಷ್ಟು ದೂರ, ಇಷ್ಟು ಹೊತ್ತು ನೋಡುವ ಅಭ್ಯಾಸವೇ ಇಲ್ಲ.

ಮರಳಿ ಬರುವಾಗ ನಿಮ್ಮದೇ ಚಕ್ರದ ಗುರುತು ನೋಡಿ. ನನ್ನ ಮೊದಲ ಸುತ್ತಿನ ಗುರುತು ಹಾವು ಹರಿದ ಹಾಗಿತ್ತು, ಹತ್ತು ಮಾರಿಗೊಮ್ಮೆ ತಿದ್ದಿದ ಗುರುತು. ನಾಲ್ಕನೆಯ ಸುತ್ತಿನದ್ದು ದಾರ ಹಿಡಿದು ಎಳೆದಷ್ಟು ನೇರ. ನಾನು ನೇರ ಹೋಗಬೇಕು ಅಂತ ಪ್ರಯತ್ನ ಮಾಡಿರಲಿಲ್ಲ. ಆ ಗೆರೆ ನೋಡಿ ತುಂಬಾ ಸಂತೋಷವಾಯಿತು, ಇಳಿದು ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ನಿಂತಿದ್ದೆ.

ಪ್ರತಿ ಎರಡು ಸುತ್ತಿಗೆ ಒಮ್ಮೆ ನಿಲ್ಲಿ. ನೀರು ಕುಡಿಯಿರಿ, ರೊಟ್ಟಿ ತಿನ್ನಿ. ಬಾಯಾರಿಕೆ ಆಗುವ ತನಕ ಕಾಯಬೇಡಿ, ಗಾಳಿಗೆ ಬೆವರು ಆರಿಹೋಗಿ ಗೊತ್ತೇ ಆಗುವುದಿಲ್ಲ. ದೋಣಿ ದಡಕ್ಕೆ ಎಳೆಯುತ್ತಿದ್ದರೆ ಇಳಿದು ದೂರದಿಂದ ಸುತ್ತಿ ಹೋಗಿ. ಹಗ್ಗ ಮರಳಿನ ಬಣ್ಣದಲ್ಲೇ ಇರುತ್ತದೆ, ಕಾಣುವುದಿಲ್ಲ. ಚಳಿಗಾಲದಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುವ ಕಾಲ. ಯಾವ ಬೀಚಾದರೂ ಸರಿ, ಕಸದ ಗೆರೆಯಿಂದ ಮೇಲಿನ ಒಣ ಮರಳಿನಲ್ಲಿ ಸುಮ್ನೆ ಸುತ್ತಬೇಡಿ, ಕತ್ತಲಲ್ಲಿ ಅಂತೂ ಬೇಡ.

ಹಂತ 9: ತೊಳೆಯುವುದು

ಅದೇ ದಿನ ತೊಳೆಯಬೇಕು. ಉಪ್ಪು ನಾಳೆ ತನಕ ಕಾಯುವುದಿಲ್ಲ. ಬೀಚು ಬಿಡುವ ಮೊದಲು ಐದು ಲೀಟರ್ ಸಿಹಿನೀರನ್ನು ಚೈನ್, ಗೇರ್, ಬ್ರೇಕ್ ಮೇಲೆ ಸುರಿಯಿರಿ. ಮನೆಗೆ ಬಂದ ಮೇಲೆ ಸೋಪಿನ ನೀರು, ಬ್ರಷ್, ಮೆದು ಧಾರೆಯ ಪೈಪು. ಕಾಫಿ ತೋಟಕ್ಕೆ ಔಷಧಿ ಹೊಡೆಯುವ ಜೋರು ಪಂಪಿನಿಂದ ತೊಳೆಯಬೇಡಿ, ಮರಳು ಬೇರಿಂಗಿನ ಒಳಗೇ ಹೋಗಿ ಕೂರುತ್ತದೆ. ಚೈನ್ ಒರೆಸಿ ಪೂರ್ತಿ ಒಣಗಿದ ಮೇಲೆ ಮೇಣದ ಲೂಬ್ ಹಾಕಿ. ಅಂಟಂಟು ಎಣ್ಣೆ ಹಾಕಿದರೆ ಮುಂದಿನ ಸಲ ಮರಳೆಲ್ಲ ಅದಕ್ಕೇ ಹಿಡಿಯುತ್ತದೆ. ಸೀಟಿನ ಕೊಳವೆ ಹೊರಗೆಳೆದು, ಒರೆಸಿ, ಗ್ರೀಸ್ ಸವರಿ ಹಾಕಿ. ಒಂದು ಮಳೆಗಾಲ ಹಾಗೇ ಬಿಟ್ಟರೆ ಅದು ಫ್ರೇಮಿಗೇ ಕಚ್ಚಿಕೊಳ್ಳುತ್ತದೆ.

ಮಾರನೆಯ ದಿನ ಬೆಳಿಗ್ಗೆ, ಮನೆಯವರು ಏಳುವ ಮೊದಲು, ಜಗಲಿಯಲ್ಲಿ ಸೈಕಲ್ ಎತ್ತಿ ಹಿಡಿದು ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸಿ ಕಿವಿ ಕೊಡಿ. ಕರ್ ಅಂದರೆ ಎಲ್ಲೋ ಇನ್ನೂ ಮರಳಿದೆ. ಮತ್ತೊಮ್ಮೆ ತೊಳೆಯಿರಿ.